ಸರ್ ರೊನಾಲ್ಡ್ ರಾಸ್ (1857–1932): ಮಲೇರಿಯಾ ಸಂಶೋಧನೆ ಮತ್ತು ನಿಯಂತ್ರಣ ವ್ಯವಸ್ಥೆ

ಪ್ರತಿ ವರ್ಷ ಆಗಸ್ಟ್ 20ನೆಯ ದಿನವನ್ನು ವಿಶ್ವ ಸೊಳ್ಳೆ ದಿನವನ್ನಾಗಿ ಆಚರಿಸಲಾಗುತ್ತದೆ. 1897ನೆಯ ಇಸವಿಯ ಅದೇ ದಿನ ಸಿಕಂದರಾಬಾದಿನ ಬೇಗಂಪೇಟೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಸೇನಾ ವೈದ್ಯರಾದ ರೊನಾಲ್ಡ್ ರಾಸ್ ಅವರು ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ರೋಗದ ಪರೋಪಜೀವಿಯನ್ನು ಕಂಡರು. ಶಾಲಾ ಪಠ್ಯಪುಸ್ತಕಗಳಲ್ಲಿ ಅವರ ಬಗ್ಗೆ ದೊರೆಯುವ ಮಾಹಿತಿಯು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆ ದಿನದ ನಂತರ ರಾಸ್ ಅವರು ಮೂವತ್ತೈದು ವರ್ಷ ಬದುಕಿದ್ದರು. ತಾವು ಕಂಡುಕೊಂಡ ಸಂಗತಿಯನ್ನು ಸರ್ಕಾರಗಳು, ನಗರಸಭೆಗಳು ಮತ್ತು ಸೇನಾ ಠಾಣೆಗಳು ದಿನನಿತ್ಯದ ಆಡಳಿತ ಕಾರ್ಯವನ್ನಾಗಿ ಅಂಗೀಕರಿಸುವಂತೆ ಮಾಡುವುದರಲ್ಲಿಯೇ ಆ ಕಾಲದ ಬಹುಭಾಗ ಕಳೆಯಿತು. ಸಂಶೋಧನೆಗೆ ಎರಡು ವರ್ಷಗಳಿಗಿಂತ ತುಸು ಹೆಚ್ಚು ಕಾಲ ಹಿಡಿದಿದ್ದರೆ, ಈ ಎರಡನೆಯ ಕೆಲಸವು ಅವರ ಜೀವಿತಾವಧಿಯಲ್ಲಿ ಪೂರ್ಣಗೊಳ್ಳಲಿಲ್ಲ. ಅವರ ಬದುಕಿನ ಈ ಎರಡೂ ಭಾಗಗಳೊಂದಿಗೆ ಬೆಂಗಳೂರು ನಗರಕ್ಕೆ ಸಂಬಂಧವಿದೆ.

ಜನನ ಮತ್ತು ವಿದ್ಯಾಭ್ಯಾಸ

ರೊನಾಲ್ಡ್ ರಾಸ್ ಅವರು 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ ಜನಿಸಿದರು. ಆಲ್ಮೋರಾ ಇಂದು ಉತ್ತರಾಖಂಡ ರಾಜ್ಯಕ್ಕೆ ಸೇರಿದೆ. ಮೀರತ್‌ನಲ್ಲಿ ಸಿಪಾಯಿಗಳ ದಂಗೆ ಆರಂಭವಾಗಿ ಆಗ ಮೂರು ದಿನಗಳಾಗಿದ್ದವು. ತಂದೆ ಕ್ಯಾಂಪ್‌ಬೆಲ್ ರಾಸ್ ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿ. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿನ ಬಂಧುಗಳ ಮನೆಗೆ ಕಳುಹಿಸಲಾಯಿತು.

ಬಾಲಕನಿಗೆ ಚಿತ್ರಕಲೆ, ಕಾವ್ಯ, ಸಂಗೀತ ಮತ್ತು ಗಣಿತದಲ್ಲಿ ಆಸಕ್ತಿಯಿತ್ತೇ ಹೊರತು ವೈದ್ಯವೃತ್ತಿಯಲ್ಲಿ ಇರಲಿಲ್ಲ. ತಂದೆಯ ಇಚ್ಛೆಗೆ ಮಣಿದು 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮಿಯೊ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದರು. ಓದಿಗಿಂತ ನಾಟಕ ಮತ್ತು ಕಾದಂಬರಿಗಳ ರಚನೆಯಲ್ಲಿಯೇ ಹೆಚ್ಚು ಕಾಲ ಕಳೆದರು. ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ, ಕೆಲಕಾಲ ಅಟ್ಲಾಂಟಿಕ್ ಸಾಗರ ದಾಟುವ ಹಡಗುಗಳಲ್ಲಿ ವೈದ್ಯರಾಗಿ ದುಡಿದು, ಮರುಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಆಯ್ಕೆಯಾದರು. ಅವರನ್ನು ಮದ್ರಾಸ್ ಪ್ರಾಂತ್ಯದ ಸೇವೆಗೆ ನಿಯೋಜಿಸಲಾಯಿತು.

ಬೆಂಗಳೂರಿನ ನೀರಿನ ತೊಟ್ಟಿ

1883ರಲ್ಲಿ ರಾಸ್ ಅವರು ಬೆಂಗಳೂರಿನ ದಂಡು ಪ್ರದೇಶದ ಹಂಗಾಮಿ ವೈದ್ಯಾಧಿಕಾರಿಯಾಗಿ ನೇಮಕಗೊಂಡರು. ವಾಸಕ್ಕೆ ದೊರೆತ ಬಂಗಲೆಯು ಎಲ್ಲ ರೀತಿಯಿಂದಲೂ ಅನುಕೂಲವಾಗಿದ್ದಿತಾದರೂ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ತಮ್ಮ ಕೋಣೆಯಲ್ಲಿ ಮಾತ್ರ ಉಳಿದ ಕೋಣೆಗಳಿಗಿಂತ ಹೆಚ್ಚು ಸೊಳ್ಳೆಗಳು ಏಕಿವೆ ಎಂದು ಪರಿಶೀಲಿಸಿದಾಗ, ಕಿಟಕಿಯ ಹೊರಗಡೆ ಇರಿಸಿದ್ದ ನೀರಿನ ತೊಟ್ಟಿಯೊಂದರಲ್ಲಿ ಸೊಳ್ಳೆಮರಿಗಳು ತುಂಬಿರುವುದು ಕಂಡುಬಂದಿತು. ತೊಟ್ಟಿಯನ್ನು ಮಗುಚಿಹಾಕಿಸಿದ ನಂತರ ಸೊಳ್ಳೆಗಳ ಸಂಖ್ಯೆ ಗಮನಾರ್ಹವಾಗಿ ಇಳಿಯಿತು.

ಇದೇ ರೀತಿ ಅಧಿಕಾರಿಗಳ ಭೋಜನಶಾಲೆಯ ಸುತ್ತಲಿನ ತೊಟ್ಟಿ, ಡಬ್ಬಿ ಹಾಗೂ ಹೂಕುಂಡಗಳ ನೀರನ್ನು ಚೆಲ್ಲಿಸಿದರೆ ಅಲ್ಲಿಯೂ ಸೊಳ್ಳೆಗಳಿಂದ ಮುಕ್ತಿ ದೊರೆಯುವುದೆಂದು ರಾಸ್ ಅವರು ಪಡೆಯ ಅಧಿಕಾರಿಗೆ ಸೂಚಿಸಿದರು. ನಿಸರ್ಗವು ಸೊಳ್ಳೆಯನ್ನು ಸೃಷ್ಟಿಸಿರುವುದಕ್ಕೆ ಯಾವುದೋ ಉದ್ದೇಶವಿರಬೇಕು, ಅದನ್ನು ಸಹಿಸಿಕೊಳ್ಳುವುದೇ ಮನುಷ್ಯನ ಕರ್ತವ್ಯ ಎಂಬ ಕಾರಣ ನೀಡಿ ಆ ಅಧಿಕಾರಿಯು ಸಲಹೆಯನ್ನು ತಳ್ಳಿಹಾಕಿದರು. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆಯೆಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲ. ಉಪಾಯವು ಸರಳವಾಗಿರುವುದಕ್ಕೂ ಅದು ಜಾರಿಗೆ ಬರುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ಮಾತ್ರ ರಾಸ್ ಅವರ ಅನುಭವಕ್ಕೆ ಇಲ್ಲಿ ಮೊದಲ ಬಾರಿ ಬಂದಿತು. ನಲವತ್ತು ವರ್ಷಗಳ ನಂತರ, 1923ರಲ್ಲಿ, ಪ್ರಕಟಿಸಿದ ಆತ್ಮಕಥೆಯಲ್ಲಿ ಅವರು ಈ ಪ್ರಸಂಗವನ್ನು ಮರೆಯದೆ ದಾಖಲಿಸಿದ್ದಾರೆ.

ಮುಂದಿನ ಕೆಲವು ವರ್ಷಗಳು ಬರ್ಮಾ, ಅಂಡಮಾನ್ ಮತ್ತು ಮದ್ರಾಸ್ ಪ್ರಾಂತ್ಯದ ಠಾಣೆಗಳಲ್ಲಿ ಕಳೆದವು. 1888ರಲ್ಲಿ ರಜೆಯ ಮೇಲೆ ಲಂಡನ್ನಿಗೆ ತೆರಳಿ ಸಾರ್ವಜನಿಕ ಆರೋಗ್ಯ ವಿಷಯದ ಡಿಪ್ಲೊಮಾ ಪಡೆದರು. ಅಂದಿನ ಸೇನಾ ವೈದ್ಯರಲ್ಲಿ ಈ ಅರ್ಹತೆ ಪಡೆದವರು ವಿರಳ. 1889ರಲ್ಲಿ ರೋಸಾ ಬ್ಲಾಕ್ಸಮ್ ಅವರೊಡನೆ ವಿವಾಹವಾಯಿತು.

ಮಲೇರಿಯಾ ಸಂಶೋಧನೆಯ ಆರಂಭ

ಮಲೇರಿಯಾ ಎಂಬ ಪದಕ್ಕೆ ಕೆಟ್ಟ ಗಾಳಿ ಎಂದು ಅರ್ಥ. ಜೌಗು ನೆಲದಿಂದ ಏಳುವ ವಿಷವಾಯುವಿನಿಂದ ಚಳಿಜ್ವರ ಬರುತ್ತದೆಂದು ಶತಮಾನಗಳ ಕಾಲ ನಂಬಲಾಗಿತ್ತು. 1880ರಲ್ಲಿ ಫ್ರೆಂಚ್ ಸೇನಾ ವೈದ್ಯ ಅಲ್ಫೋನ್ಸ್ ಲಾವೆರಾನ್ ಅವರು ಆಲ್ಜೀರಿಯಾದಲ್ಲಿ ರೋಗಿಗಳ ರಕ್ತದಲ್ಲಿ ಪರೋಪಜೀವಿಯನ್ನು ಗುರುತಿಸಿದ್ದರು. ಆದರೂ ಅದು ಒಬ್ಬರಿಂದ ಮತ್ತೊಬ್ಬರಿಗೆ ಹೇಗೆ ತಲುಪುತ್ತದೆ ಎಂಬುದು ಅಜ್ಞಾತವಾಗಿಯೇ ಉಳಿದಿತ್ತು. ರಾಸ್ ಅವರಿಗೆ ಆರಂಭದಲ್ಲಿ ಲಾವೆರಾನ್ ಅವರ ಶೋಧದ ಮೇಲೆಯೇ ನಂಬಿಕೆ ಇರಲಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ಪ್ರತ್ಯಕ್ಷ ತೋರಿಸಿದ ಮೇಲೆ ಅವರ ಸಂದೇಹ ನಿವಾರಣೆಯಾಯಿತು. ಸೊಳ್ಳೆಯು ರೋಗಿಯ ರಕ್ತದೊಂದಿಗೆ ಪರೋಪಜೀವಿಯನ್ನು ಹೀರಿಕೊಳ್ಳುತ್ತಿರಬಹುದೆಂಬ ತಮ್ಮ ಊಹೆಯನ್ನು ಮ್ಯಾನ್ಸನ್ ಅವರು ರಾಸ್ ಅವರ ಮುಂದಿರಿಸಿದರು.

1895ರಲ್ಲಿ ಸಿಕಂದರಾಬಾದಿಗೆ ಮರಳಿದ ರಾಸ್ ಅವರು ಕೆಲಸ ಆರಂಭಿಸಿದರು. ಮ್ಯಾನ್ಸನ್ ಅವರ ಊಹೆ ಅರ್ಧ ಮಾತ್ರ ಸರಿಯಾಗಿತ್ತು. ಸೊಳ್ಳೆಯು ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ರೋಗ ಬರುತ್ತದೆ ಎಂಬುದು ಅವರ ಅಭಿಪ್ರಾಯ. ಸೊಳ್ಳೆಗಳ ಜಾತಿಭೇದದ ಬಗ್ಗೆ ಭಾರತದಲ್ಲಿ ಮಾಹಿತಿ ನೀಡುವ ಪುಸ್ತಕವೂ ರಾಸ್ ಅವರಿಗೆ ದೊರೆಯಲಿಲ್ಲ. ಹೀಗಾಗಿ ಬೂದು ಬಣ್ಣದ ಹಾಗೂ ಪಟ್ಟೆಗಳುಳ್ಳ ಸೊಳ್ಳೆಗಳನ್ನೇ ಎರಡು ವರ್ಷ ಕಾಲ ಕೊಯ್ದು ನೋಡುತ್ತಾ ಹೋದರು. ಇಂದಿನ ವರ್ಗೀಕರಣದಂತೆ ಅವು ಕ್ಯೂಲೆಕ್ಸ್ ಮತ್ತು ಈಡಿಸ್ ಜಾತಿಯವು. ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಮಾತ್ರ.

ಕಾಲರಾ ಕರ್ತವ್ಯದ ಮೇಲೆ ಬೆಂಗಳೂರಿಗೆ

ಸಂಶೋಧನೆಯ ನಡುವೆಯೇ, 1895ರ ಸೆಪ್ಟೆಂಬರ್ ತಿಂಗಳಲ್ಲಿ, ರಾಸ್ ಅವರನ್ನು ವಿಶೇಷ ಕರ್ತವ್ಯದ ಮೇಲೆ ಬೆಂಗಳೂರಿಗೆ ಕಳುಹಿಸಲಾಯಿತು. ಆಗ ಬೆಂಗಳೂರು ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. ಹಳೆಯ ಪೇಟೆಯು ಮೈಸೂರು ಮಹಾರಾಜರ ಸರ್ಕಾರಕ್ಕೆ ಸೇರಿದ್ದರೆ, ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂದು ಕರೆಯಲಾಗುತ್ತಿದ್ದ ದಂಡು ಪ್ರದೇಶವು ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿತ್ತು. ಈ ದಂಡು ಪ್ರದೇಶದಲ್ಲಿ ಕಾಲರಾ ಕಾಣಿಸಿಕೊಂಡಿತ್ತು.

ಮಲೇರಿಯಾ ಪ್ರಕರಣಗಳು ವಿರಳವಾಗಿದ್ದ ಊರಿಗೆ ವರ್ಗವಾದುದು ರಾಸ್ ಅವರಿಗೆ ಬೇಸರ ತಂದಿತು. ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರೊಬ್ಬರು ಮಲೇರಿಯಾ ರೋಗಿಯನ್ನು ಕಚ್ಚಿದ್ದ ಸೊಳ್ಳೆಗಳಿಂದ ಸ್ವಇಚ್ಛೆಯಿಂದ ಕಚ್ಚಿಸಿಕೊಂಡರೂ ಜ್ವರ ಬರಲಿಲ್ಲ. ಪ್ರಯೋಗಕ್ಕೆ ಬಳಸಿದ್ದು ಮಲೇರಿಯಾ ಹರಡದ ಜಾತಿಯ ಸೊಳ್ಳೆಯಾಗಿತ್ತು. ಆದರೆ ಬೆಂಗಳೂರಿನ ಈ ಒಂದೂವರೆ ವರ್ಷ ವ್ಯರ್ಥವಾಗಲಿಲ್ಲ. ಬಡವರು ಕಿಕ್ಕಿರಿದು ವಾಸಿಸುವ ಕೇರಿಗಳು, ಬಾವಿಗಳು, ಚರಂಡಿಗಳು ಮತ್ತು ಶೌಚಸ್ಥಳಗಳನ್ನು ಪರಿಶೀಲಿಸುವುದು ಅವರ ನಿತ್ಯದ ಕೆಲಸವಾಯಿತು. ಆಸ್ಪತ್ರೆಯಲ್ಲಿ ಒಬ್ಬೊಬ್ಬ ರೋಗಿಯನ್ನು ನೋಡುವ ವೈದ್ಯರಿಗೆ, ಒಂದು ಊರನ್ನೇ ರೋಗಿಯಂತೆ ನೋಡುವ ಅವಕಾಶ ಇಲ್ಲಿ ದೊರೆಯಿತು.

1896ರಲ್ಲಿ ಅವರು ಸಲ್ಲಿಸಿದ ವರದಿಯು ಕಾಲರಾಕ್ಕೆ ಸೀಮಿತವಾಗಿರಲಿಲ್ಲ. ಸ್ಟೇಷನ್ನಿನ ಒಟ್ಟಾರೆ ನೈರ್ಮಲ್ಯ, ನೈರ್ಮಲ್ಯ ಇಲಾಖೆಯ ರಚನೆ ಹಾಗೂ ಅದರ ನಿಯಮಾವಳಿಗಳ ಪರಿಶೀಲನೆಯನ್ನೂ ಅದು ಒಳಗೊಂಡಿತ್ತು. ಕಾಲರಾ ನಿವಾರಣೆಗಾಗಿ ಕಳುಹಿಸಲ್ಪಟ್ಟ ವೈದ್ಯರು ಇಲಾಖೆಯ ಸಿಬ್ಬಂದಿ ಮತ್ತು ನಿಯಮಗಳ ಕುರಿತು ಬರೆದುದು ಗಮನಾರ್ಹ. ರೋಗವು ಬಂದ ಮೇಲೆ ಎಚ್ಚೆತ್ತುಕೊಳ್ಳುವ ಪದ್ಧತಿಯ ದೋಷವು ಎರಡೇ ವರ್ಷಗಳಲ್ಲಿ ಬೆಂಗಳೂರಿಗೆ ಇನ್ನೂ ಕಠಿಣವಾಗಿ ಅರಿವಾಯಿತು. 1898ರಲ್ಲಿ ನಗರದಲ್ಲಿ ಪ್ಲೇಗ್ ಕಾಣಿಸಿಕೊಂಡು ಅಪಾರ ಪ್ರಾಣಹಾನಿಯಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ವಿಶಾಲ ರಸ್ತೆಗಳೊಂದಿಗೆ ಬೆಳೆದುದು ಆ ಪಿಡುಗಿನ ನಂತರವೇ. ರಾಸ್ ಅವರು ಆ ವೇಳೆಗೆ ಕಲ್ಕತ್ತೆಯಲ್ಲಿದ್ದರು.

1897ರ ಬೇಸಿಗೆಯಲ್ಲಿ ರಜೆ ಪಡೆದು ಉದಕಮಂಡಲಕ್ಕೆ ತೆರಳಿದ ರಾಸ್ ಅವರು ನೀಲಗಿರಿಯ ಕೆಳಗಿನ ಸೀಗೂರು ಘಾಟಿಯಲ್ಲಿ ಅಧ್ಯಯನ ನಡೆಸುತ್ತಿದ್ದಾಗ ಸ್ವತಃ ಮಲೇರಿಯಾಕ್ಕೆ ತುತ್ತಾದರು. ರೆಕ್ಕೆಗಳ ಮೇಲೆ ಚುಕ್ಕೆಗಳಿರುವ, ಗೋಡೆಯ ಮೇಲೆ ಬಾಲವನ್ನು ಮೇಲೆತ್ತಿ ಕುಳಿತುಕೊಳ್ಳುವ ಸೊಳ್ಳೆಯನ್ನು ಅವರು ಗಮನಿಸಿದ್ದೂ ಅಲ್ಲಿಯೇ.

1897ರ ಆಗಸ್ಟ್ 20

ಜೂನ್ ತಿಂಗಳಲ್ಲಿ ಸಿಕಂದರಾಬಾದಿಗೆ ಹಿಂದಿರುಗಿದ ಅವರಿಗೆ ಆಗಸ್ಟ್ ಮಧ್ಯಭಾಗದಲ್ಲಿ ಅದೇ ಬಗೆಯ ಸೊಳ್ಳೆಯ ಮರಿಗಳು ದೊರೆತವು. ಅವುಗಳಿಂದ ಬೆಳೆದ ಸೊಳ್ಳೆಗಳನ್ನು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ ಸೊಳ್ಳೆಪರದೆಯೊಳಗೆ ಕಚ್ಚಿಸಲಾಯಿತು. ಕಚ್ಚಿದ ಪ್ರತಿ ಸೊಳ್ಳೆಗೆ ರೋಗಿಗೆ ಒಂದಾಣೆ ಸಂದಾಯವಾಯಿತು. ಮಳೆಯಿಲ್ಲದ ಸೆಕೆಯ ದಿನಗಳು. ಬೀಸಣಿಗೆ ಬಳಸಿದರೆ ಕೊಯ್ದಿಟ್ಟ ಸೊಳ್ಳೆಗಳು ಹಾರಿಹೋಗುತ್ತವೆಂದು ಅದನ್ನೂ ಬಳಸದೆ, ಬೆವರಿನಿಂದ ತುಕ್ಕು ಹಿಡಿದಿದ್ದ ಸೂಕ್ಷ್ಮದರ್ಶಕದ ಮುಂದೆ ಅವರು ಗಂಟೆಗಟ್ಟಲೆ ಕುಳಿತರು. ಆಗಸ್ಟ್ 20ರಂದು, ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದರ ಹೊಟ್ಟೆಯ ಗೋಡೆಯಲ್ಲಿ, ಕಪ್ಪು ಕಣಗಳುಳ್ಳ ದುಂಡನೆಯ ಕೋಶಗಳು ಕಂಡವು. ಮಲೇರಿಯಾ ಪರೋಪಜೀವಿಯಲ್ಲಿ ಕಂಡುಬರುವ ಕಣಗಳೇ ಅವು. ಮರುದಿನ ಕೊಯ್ದ ಸೊಳ್ಳೆಯಲ್ಲಿ ಆ ಕೋಶಗಳು ಇನ್ನೂ ದೊಡ್ಡವಾಗಿದ್ದವು. ಅಂದರೆ ಅವು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತಿದ್ದವು.

ಈ ಶೋಧದ ಬೆನ್ನಲ್ಲಿಯೇ ಸೇನೆಯು ಅವರನ್ನು ರಾಜಪುತಾನದ ಖೇರ್ವಾಡಕ್ಕೆ ವರ್ಗಾಯಿಸಿತು. ಅಲ್ಲಿ ಮಲೇರಿಯಾ ರೋಗಿಗಳೇ ಸಿಗುತ್ತಿರಲಿಲ್ಲ. ಮ್ಯಾನ್ಸನ್ ಅವರ ಒತ್ತಾಯದ ಮೇರೆಗೆ 1898ರ ಆರಂಭದಲ್ಲಿ ರಾಸ್ ಅವರನ್ನು ಕಲ್ಕತ್ತೆಯ ಪ್ರಯೋಗಾಲಯಕ್ಕೆ ವಿಶೇಷ ಕರ್ತವ್ಯದ ಮೇಲೆ ನಿಯೋಜಿಸಲಾಯಿತು. ಅಲ್ಲಿ ಪಕ್ಷಿಗಳ ಮಲೇರಿಯಾವನ್ನು ಅಧ್ಯಯನಕ್ಕೆ ಆರಿಸಿಕೊಂಡರು. 1898ರ ಜುಲೈ ತಿಂಗಳಲ್ಲಿ, ಪರೋಪಜೀವಿಯು ಸೊಳ್ಳೆಯ ಹೊಟ್ಟೆಯಿಂದ ಜೊಲ್ಲುಗ್ರಂಥಿಯನ್ನು ಸೇರಿ, ಕಚ್ಚುವಾಗ ಆರೋಗ್ಯವಂತ ಗುಬ್ಬಚ್ಚಿಯ ರಕ್ತವನ್ನು ಪ್ರವೇಶಿಸುತ್ತದೆ ಎಂಬುದನ್ನು ಸಿದ್ಧಪಡಿಸಿದರು. ನೀರಿನಿಂದ ಅಥವಾ ಗಾಳಿಯಿಂದ ಅಲ್ಲ, ಕಚ್ಚುವಿಕೆಯಿಂದಲೇ ರೋಗ ಹರಡುತ್ತದೆ ಎಂಬುದು ಹೀಗೆ ಖಚಿತವಾಯಿತು.

ಈ ಕಾರ್ಯದಲ್ಲಿ ಮೊಹಮ್ಮದ್ ಬಕ್ಷ್ ಅವರು ರಾಸ್ ಅವರ ಸಹಾಯಕರಾಗಿದ್ದರು. ಮತ್ತೊಬ್ಬ ಸಹಾಯಕ ಕಿಶೋರಿ ಮೋಹನ ಬಂದ್ಯೋಪಾಧ್ಯಾಯ ಅವರಿಗೆ 1903ರಲ್ಲಿ ಚಿನ್ನದ ಪದಕ ನೀಡಿ ಗೌರವಿಸಲಾಯಿತು. ಸೊಳ್ಳೆ ಹಿಡಿದವರು, ಕಚ್ಚಿಸಿಕೊಂಡ ರೋಗಿಗಳು, ಹಕ್ಕಿಗಳನ್ನು ಸಾಕಿದವರು ಹೀಗೆ ಅನೇಕರ ದುಡಿಮೆ ಈ ಶೋಧದ ಹಿಂದೆ ಇದ್ದಿತಾದರೂ ಅವರಲ್ಲಿ ಬಹುತೇಕರ ಹೆಸರು ಜನರ ನೆನಪಿನಲ್ಲಿ ಉಳಿದಿಲ್ಲ.

ಇಟಲಿಯ ವಿಜ್ಞಾನಿ ಜೊವಾನ್ನಿ ಬಟಿಸ್ಟಾ ಗ್ರಾಸ್ಸಿ ಮತ್ತು ಅವರ ಸಹೋದ್ಯೋಗಿಗಳು 1898ರ ಕೊನೆಯ ವೇಳೆಗೆ ಮನುಷ್ಯರ ಮಲೇರಿಯಾಕ್ಕೆ ಅನಾಫಿಲಿಸ್ ಸೊಳ್ಳೆಯೇ ವಾಹಕವೆಂಬುದನ್ನು ಪ್ರತಿಪಾದಿಸಿದರು. ಶೋಧದ ಶ್ರೇಯಸ್ಸಿಗಾಗಿ ರಾಸ್ ಮತ್ತು ಗ್ರಾಸ್ಸಿ ಅವರ ನಡುವೆ ದೀರ್ಘಕಾಲ ಕಟುವಾದ ವಿವಾದ ನಡೆಯಿತು. 1902ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯು ರಾಸ್ ಅವರೊಬ್ಬರಿಗೇ ದೊರೆಯಿತು. ಇಬ್ಬರ ಕಾರ್ಯವೂ ಒಂದಕ್ಕೊಂದು ಪೂರಕವಾಗಿತ್ತೆಂಬುದು ಇಂದು ಸಾಮಾನ್ಯವಾಗಿ ಒಪ್ಪಿತವಾಗಿರುವ ಅಭಿಪ್ರಾಯ.

ಸೊಳ್ಳೆ ನಿರ್ಮೂಲನ ಪಡೆಗಳು

1899ರಲ್ಲಿ ರಾಸ್ ಅವರು ಭಾರತೀಯ ಸೇವೆಯನ್ನು ತೊರೆದು, ಆಗತಾನೆ ಸ್ಥಾಪನೆಯಾಗಿದ್ದ ಲಿವರ್‌ಪೂಲ್ ಉಷ್ಣವಲಯ ವೈದ್ಯಕೀಯ ಶಾಲೆಗೆ ಉಪನ್ಯಾಸಕರಾಗಿ ಸೇರಿದರು. ಅದೇ ವರ್ಷ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿಗೆ ತೆರಳಿ, ಫ್ರೀಟೌನ್ ನಗರದ ಬೀದಿಬದಿಯ ಸಣ್ಣ ನೀರಿನ ಗುಂಡಿಗಳಲ್ಲಿ ಅನಾಫಿಲಿಸ್ ಮರಿಗಳು ಬೆಳೆಯುವುದನ್ನು ತೋರಿಸಿದರು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬಿಸಿ ಪ್ರದೇಶದಲ್ಲಿ ಸುಮಾರು 7ರಿಂದ 10 ದಿನಗಳು ಬೇಕು. ವಾರಕ್ಕೊಮ್ಮೆ ನಿಂತ ನೀರನ್ನು ಹೊರಚೆಲ್ಲಿದರೆ, ಗುಂಡಿಯನ್ನು ಮುಚ್ಚಿದರೆ ಅಥವಾ ನೀರಿನ ಮೇಲೆ ಎಣ್ಣೆ ಹಾಕಿದರೆ ಸೊಳ್ಳೆಯು ಹುಟ್ಟುವುದಕ್ಕೆ ಮೊದಲೇ ನಾಶವಾಗುತ್ತದೆ.

1901ರಲ್ಲಿ ಗ್ಲಾಸ್ಗೋ ನಗರದ ದಾನಿಯೊಬ್ಬರ ಹಣದಿಂದ ಫ್ರೀಟೌನಿನಲ್ಲಿ ಕೂಲಿಕಾರರ ಪಡೆಯೊಂದನ್ನು ರಚಿಸಲಾಯಿತು. ಒಂದು ತಂಡವು ಮನೆಮನೆಗೆ ತೆರಳಿ ಒಡೆದ ಸೀಸೆ, ಖಾಲಿ ಡಬ್ಬಿಗಳನ್ನು ಗಾಡಿಗಟ್ಟಲೆ ಸಾಗಿಸಿತು. ಇನ್ನೊಂದು ತಂಡವು ಗುಂಡಿಗಳನ್ನು ಮುಚ್ಚಿ ಕಾಲುವೆ ತೋಡಿತು. ಈ ಪಡೆಗಳನ್ನು ರಚಿಸುವ ವಿಧಾನ, ಮೇಲ್ವಿಚಾರಣೆ ಮತ್ತು ವೆಚ್ಚದ ಬಗ್ಗೆ ರಾಸ್ ಅವರು 1902ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ದೊಡ್ಡ ಯೋಜನೆಗಾಗಿ ಕಾಯದೆ ಒಬ್ಬ ಮೇಲ್ವಿಚಾರಕ ಮತ್ತು ಕೆಲವು ಆಳುಗಳಿಂದಲೇ ಕೆಲಸ ಆರಂಭಿಸಬಹುದು, ಆದರೆ ಆರಂಭಿಸಿದ್ದನ್ನು ನಿಲ್ಲಿಸಬಾರದು ಎಂಬುದು ಅವರ ನಿಲುವಾಗಿತ್ತು. ಫ್ರೀಟೌನಿನಲ್ಲಿ ನಡೆದುದು ಇದರ ವಿರುದ್ಧ. ದಾನದ ಹಣ ಮುಗಿದ ನಂತರ ಸ್ಥಳೀಯ ಆಡಳಿತವು ಅದೇ ಪ್ರಮಾಣದಲ್ಲಿ ಕಾರ್ಯವನ್ನು ಮುಂದುವರಿಸಲಿಲ್ಲ.

ಈಜಿಪ್ಟ್ ದೇಶದ ಇಸ್ಮಾಯಿಲಿಯಾ ಪಟ್ಟಣದ ಅನುಭವ ಬೇರೆ. ಸೂಯೆಜ್ ಕಾಲುವೆ ಕಂಪನಿಯ ಕೇಂದ್ರವಾಗಿದ್ದ ಈ ಪಟ್ಟಣಕ್ಕೆ ಸಿಹಿನೀರಿನ ಕಾಲುವೆ ಬಂದ ಮೇಲೆ ಮಲೇರಿಯಾ ನೆಲೆಸಿತ್ತು. 1902ರಲ್ಲಿ ಕಂಪನಿಯ ಆಹ್ವಾನದ ಮೇರೆಗೆ ಭೇಟಿ ನೀಡಿದ ರಾಸ್ ಅವರು ಜೌಗು ಪ್ರದೇಶಗಳನ್ನು ತುಂಬಿಸಲು, ಕಾಲುವೆಗಳ ಕಳೆ ತೆಗೆಸಲು ಹಾಗೂ ಮನೆಗಳ ಕೆಳಗಿನ ಮಲಗುಂಡಿಗಳಿಗೆ ನಿಯತವಾಗಿ ಎಣ್ಣೆ ಹಾಕಿಸಲು ಸಲಹೆ ನೀಡಿದರು. ಜೊತೆಗೆ ರೋಗಿಗಳಿಗೆ ಕ್ವಿನೈನ್ ನೀಡಲಾಯಿತು. ಕಂಪನಿಯು ಖಾಯಂ ಪಡೆಯನ್ನು ನೇಮಿಸಿ, ಅದಕ್ಕೆ ಪ್ರತಿವರ್ಷ ಹಣ ಒದಗಿಸಿ, ರೋಗಿಗಳ ಲೆಕ್ಕವಿಟ್ಟಿತು. 1902ರಲ್ಲಿ 1,551 ಇದ್ದ ಮಲೇರಿಯಾ ಪ್ರಕರಣಗಳು 1903ರಲ್ಲಿ 214, 1904ರಲ್ಲಿ 90, 1905ರಲ್ಲಿ 37ಕ್ಕೆ ಇಳಿದವು.

ಭಾರತದಲ್ಲಿ ಇದೇ ವಿಧಾನದ ಪ್ರಯೋಗವನ್ನು ಲಾಹೋರಿನ ಸಮೀಪದ ಮಿಯಾನ್ ಮೀರ್ ದಂಡು ಪ್ರದೇಶದಲ್ಲಿ ಕೈಗೊಳ್ಳಲಾಯಿತು. ನೀರಾವರಿ ಕಾಲುವೆಗಳಿಂದ ಕೂಡಿದ ಆ ಪ್ರದೇಶದಲ್ಲಿ ನಿರೀಕ್ಷಿತ ಫಲ ದೊರೆಯಲಿಲ್ಲ. ಸೊಳ್ಳೆಗಳು ಸುತ್ತಲಿನಿಂದ ಬಂದು ಸೇರಿಕೊಳ್ಳುತ್ತವೆ, ಆದ್ದರಿಂದ ಈ ವಿಧಾನವು ದುಬಾರಿ ಹಾಗೂ ಅನಿಶ್ಚಿತ ಎಂಬ ಅಭಿಪ್ರಾಯ ಅಧಿಕಾರಿಗಳಲ್ಲಿ ಮೂಡಿತು. ರಾಸ್ ಅವರು ಇದನ್ನು ತೀವ್ರವಾಗಿ ವಿರೋಧಿಸಿದರು. ಕಾರ್ಯಕ್ಷೇತ್ರವು ತೀರ ಕಿರಿದಾಗಿತ್ತು, ಸೊಳ್ಳೆಗಳ ಎಣಿಕೆ ಸಮರ್ಪಕವಾಗಿರಲಿಲ್ಲ, ಪ್ರಯೋಗಕ್ಕೆ ಸಾಕಷ್ಟು ಹಣ ಮತ್ತು ಕಾಲ ನೀಡಲಿಲ್ಲ ಎಂಬುದು ಅವರ ಆಕ್ಷೇಪಣೆ. ಅವರ ಮಾತಿನ ಕಟುತ್ವವು ಮನವೊಲಿಸಬಹುದಾಗಿದ್ದ ಅಧಿಕಾರಿಗಳನ್ನೂ ದೂರ ಮಾಡಿತೆಂದು ಹೇಳಬೇಕಾಗುತ್ತದೆ. ಮಿಯಾನ್ ಮೀರ್ ಪ್ರಯೋಗದ ನಂತರ ಭಾರತದಲ್ಲಿ ಕ್ವಿನೈನ್ ವಿತರಣೆಗೆ ದೊರೆತಷ್ಟು ಒತ್ತು ಸೊಳ್ಳೆ ನಿಯಂತ್ರಣಕ್ಕೆ ಅನೇಕ ವರ್ಷ ದೊರೆಯಲಿಲ್ಲ. 1909ರಲ್ಲಿ ಸಿಮ್ಲಾದಲ್ಲಿ ನಡೆದ ಮಲೇರಿಯಾ ಸಮ್ಮೇಳನದ ನಂತರ ಕಸೌಲಿಯಲ್ಲಿ ಮಲೇರಿಯಾ ಅಧ್ಯಯನಕ್ಕೆಂದು ಪ್ರತ್ಯೇಕ ಕೇಂದ್ರವೊಂದು ಅಸ್ತಿತ್ವಕ್ಕೆ ಬಂದಿತು.

ರೋಗದ ಗಣಿತ

ಎಲ್ಲ ಸೊಳ್ಳೆಗಳನ್ನೂ ಕೊಲ್ಲಲು ಸಾಧ್ಯವೇ ಇಲ್ಲ, ಆದ್ದರಿಂದ ಪ್ರಯತ್ನವೇ ವ್ಯರ್ಥ ಎಂಬ ವಾದವನ್ನು ರಾಸ್ ಅವರು ಎಲ್ಲ ಕಡೆಗಳಲ್ಲಿಯೂ ಎದುರಿಸಬೇಕಾಯಿತು. ಬಾಲ್ಯದ ಗಣಿತಾಸಕ್ತಿಯು ಈ ಸಂದರ್ಭದಲ್ಲಿ ಅವರ ನೆರವಿಗೆ ಬಂದಿತು. 1907–08ರಲ್ಲಿ ಮಾರಿಷಸ್ ದ್ವೀಪಕ್ಕೆ ತೆರಳಿ ಅಲ್ಲಿನ ಮಲೇರಿಯಾ ಬಗ್ಗೆ ವರದಿ ಸಿದ್ಧಪಡಿಸುವಾಗ ಅವರು ಈ ಪ್ರಶ್ನೆಯನ್ನು ಸಮೀಕರಣದ ರೂಪದಲ್ಲಿ ಪರಿಶೀಲಿಸಿದರು.

ಅವರ ತರ್ಕವನ್ನು ಸರಳವಾಗಿ ಹೀಗೆ ವಿವರಿಸಬಹುದು. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ರೋಗ ದಾಟಬೇಕಾದರೆ ಒಂದು ಸೊಳ್ಳೆಯು ಮೊದಲು ರೋಗಿಯನ್ನು ಕಚ್ಚಬೇಕು. ಪರೋಪಜೀವಿಯು ಸೊಳ್ಳೆಯ ದೇಹದಲ್ಲಿ ಬಲಿಯುವವರೆಗೆ, ಅಂದರೆ ಸುಮಾರು ಹತ್ತು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ, ಅದು ಬದುಕಿರಬೇಕು. ಬಳಿಕ ಆರೋಗ್ಯವಂತ ವ್ಯಕ್ತಿಯನ್ನು ಕಚ್ಚಬೇಕು. ಹೆಚ್ಚಿನ ಸೊಳ್ಳೆಗಳು ಈ ಮೂರನ್ನೂ ಪೂರೈಸುವ ಮುನ್ನವೇ ಸಾಯುತ್ತವೆ. ಆದ್ದರಿಂದ ಜನಸಂಖ್ಯೆಗೆ ಹೋಲಿಸಿದಾಗ ಸೊಳ್ಳೆಗಳ ಸಂಖ್ಯೆಯು ಒಂದು ನಿರ್ದಿಷ್ಟ ಮಟ್ಟಕ್ಕಿಂತ ಕೆಳಗಿಳಿದರೆ, ಗುಣಹೊಂದುವವರ ಸಂಖ್ಯೆಯು ಹೊಸ ರೋಗಿಗಳ ಸಂಖ್ಯೆಯನ್ನು ಮೀರಿ, ಸೊಳ್ಳೆಗಳು ಉಳಿದಿದ್ದರೂ ಮಲೇರಿಯಾ ಕ್ರಮೇಣ ಕಣ್ಮರೆಯಾಗುತ್ತದೆ. ಸಂಖ್ಯೆಯು ಮತ್ತೆ ಆ ಮಟ್ಟವನ್ನು ಮೀರಿದರೆ ರೋಗವೂ ಮರಳುತ್ತದೆ.

1910ರಲ್ಲಿ ಪ್ರಕಟವಾದ ಅವರ ಮಲೇರಿಯಾ ನಿವಾರಣೆ ಕುರಿತ ಗ್ರಂಥದಲ್ಲಿ ಈ ವಿಚಾರವು ವಿಸ್ತೃತವಾಗಿ ಬಂದಿದೆ. ಅಂದಿನ ವೈದ್ಯರು ಇದಕ್ಕೆ ಹೆಚ್ಚಿನ ಗಮನ ನೀಡಲಿಲ್ಲ. 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅವರು ಇದನ್ನು ಮುಂದುವರಿಸಿದರು. 2020ರ ಕೋವಿಡ್ ಪಿಡುಗಿನ ಸಮಯದಲ್ಲಿ ಒಬ್ಬ ಸೋಂಕಿತರಿಂದ ಎಷ್ಟು ಜನರಿಗೆ ಸೋಂಕು ಹರಡುತ್ತದೆ ಎಂಬ ಲೆಕ್ಕವು ಜನಸಾಮಾನ್ಯರ ಮಾತಿನಲ್ಲಿಯೂ ಬಳಕೆಗೆ ಬಂದಿತು. ಆ ಬಗೆಯ ಲೆಕ್ಕಾಚಾರದ ಆರಂಭಿಕ ಹೆಜ್ಜೆಗಳಲ್ಲಿ ರಾಸ್ ಅವರ ಸಮೀಕರಣಗಳೂ ಸೇರಿವೆ. ಅವರು ತಮ್ಮ ಬದುಕಿನ ಅತಿ ಮುಖ್ಯ ಕೊಡುಗೆಯೆಂದು ಸೊಳ್ಳೆಯ ಶೋಧವನ್ನಷ್ಟೇ ಅಲ್ಲದೆ ಈ ಗಣಿತವನ್ನೂ ಪರಿಗಣಿಸಿದ್ದರು.

ಕೊನೆಯ ವರ್ಷಗಳು

1911ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ನಂತರ ಲಿವರ್‌ಪೂಲ್ ಬಿಟ್ಟು ಲಂಡನ್ನಿಗೆ ಬಂದು ನೆಲೆಸಿದರು. ಗುರುಸಮಾನರಾದ ಮ್ಯಾನ್ಸನ್ ಅವರೊಂದಿಗಿನ ಸಂಬಂಧವೂ ಈ ವೇಳೆಗೆ ಕೆಟ್ಟಿತ್ತು. ಮೊದಲನೆಯ ಮಹಾಯುದ್ಧದ ಆರಂಭದಲ್ಲಿಯೇ, 1914ರ ಆಗಸ್ಟ್ ತಿಂಗಳಿನಲ್ಲಿ, ಹಿರಿಯ ಮಗ ಫ್ರಾನ್ಸಿನ ರಣರಂಗದಲ್ಲಿ ಮಡಿದರು. ಯುದ್ಧಕಾಲದಲ್ಲಿ ರಾಸ್ ಅವರು ಸೇನೆಗೆ ಮಲೇರಿಯಾ ವಿಷಯದಲ್ಲಿ ಸಲಹೆಗಾರರಾಗಿ ಸೇವೆ ಸಲ್ಲಿಸಿದರು.

1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಸ್ಥೆ ಮತ್ತು ಆಸ್ಪತ್ರೆ ಆರಂಭವಾಯಿತು. 1927ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ, ಅವರು ದುಡಿದಿದ್ದ ಪ್ರಯೋಗಾಲಯದ ಬಳಿ ನಿರ್ಮಿಸಿದ ಸ್ಮಾರಕ ದ್ವಾರದ ಅನಾವರಣಕ್ಕೆ ಅವರು ಭಾರತಕ್ಕೆ ಬಂದಿದ್ದರು. ಶೋಧದ ದಿನ ಅವರು ರಚಿಸಿ ಪತ್ನಿಗೆ ಕಳುಹಿಸಿದ್ದ ಕವಿತೆಯ ಸಾಲುಗಳನ್ನು ಅದರ ಮೇಲೆ ಕೆತ್ತಲಾಗಿದೆ.

ನೊಬೆಲ್ ಪುರಸ್ಕೃತರಾದರೂ ಸಾರ್ವಜನಿಕ ಆರೋಗ್ಯ ಕಾರ್ಯಕ್ಕೆ ಖಾಸಗಿ ವೈದ್ಯವೃತ್ತಿಯಷ್ಟು ಪ್ರತಿಫಲವಿಲ್ಲ ಎಂಬ ಕೊರಗು ಅವರನ್ನು ಬಿಡಲಿಲ್ಲ. ಸಿಡುಬು ಲಸಿಕೆಗಾಗಿ ಎಡ್ವರ್ಡ್ ಜೆನ್ನರ್ ಅವರಿಗೆ ಬ್ರಿಟಿಷ್ ಸಂಸತ್ತು ಬಹುಮಾನ ನೀಡಿದಂತೆ ತಮಗೂ ನೀಡಬೇಕೆಂದು ಅವರು ಸಲ್ಲಿಸಿದ ಮನವಿಯು ಫಲಿಸಲಿಲ್ಲ. 1928ರಲ್ಲಿ ತಮ್ಮ ಸಂಶೋಧನಾ ಪತ್ರಗಳನ್ನು ಮಾರಾಟಕ್ಕೆ ಇಟ್ಟರು. ಪತ್ನಿಯ ಮರಣದ ಮರುವರ್ಷ, 1932ರ ಸೆಪ್ಟೆಂಬರ್ 16ರಂದು, ತಮ್ಮದೇ ಹೆಸರಿನ ಸಂಸ್ಥೆಯಲ್ಲಿ ರಾಸ್ ಅವರು ನಿಧನರಾದರು.

ಭಾರತ ಮತ್ತು ಕರ್ನಾಟಕದಲ್ಲಿ ಮುಂದಿನ ಬೆಳವಣಿಗೆ

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಬಳಕೆಗೆ ಬಂದಿತು. ಅಂದಿನ ಮುಂಬಯಿ ಪ್ರಾಂತ್ಯದ ಧಾರವಾಡ ಮತ್ತು ಕೆನರಾ ಜಿಲ್ಲೆಗಳಲ್ಲಿ 1946ರಿಂದ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಅವರ ನೇತೃತ್ವದಲ್ಲಿ ಮನೆಗಳ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಕಾರ್ಯ ನಡೆದು ಯಶಸ್ವಿಯಾಯಿತು. ಈ ಬಗೆಯ ಅನುಭವಗಳ ಆಧಾರದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು. ಆ ಕಾಲದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರು ಮಲೇರಿಯಾಕ್ಕೆ ತುತ್ತಾಗಿ, 8 ಲಕ್ಷ ಜನರು ಸಾಯುತ್ತಿದ್ದರೆಂದು ಅಂದಾಜಿಸಲಾಗಿದೆ. 1965ರ ಹೊತ್ತಿಗೆ ಪ್ರಕರಣಗಳ ಸಂಖ್ಯೆಯು ಸುಮಾರು ಒಂದು ಲಕ್ಷಕ್ಕೆ ಇಳಿಯಿತು.

ರೋಗವು ತೊಲಗಿತೆಂಬ ಭಾವನೆಯಿಂದ ಹಲವೆಡೆ ಮೇಲ್ವಿಚಾರಣೆ ಸಡಿಲವಾಯಿತು. ಕೀಟನಾಶಕಗಳ ಸರಬರಾಜು ಏರುಪೇರಾಯಿತು, ಸೊಳ್ಳೆಗಳು ಡಿಡಿಟಿಗೆ ನಿರೋಧಕ ಶಕ್ತಿ ಗಳಿಸಿದವು, ಜ್ವರ ಸಮೀಕ್ಷೆಯನ್ನು ವಹಿಸಿಕೊಳ್ಳಬೇಕಾಗಿದ್ದ ಗ್ರಾಮೀಣ ಆರೋಗ್ಯ ಕೇಂದ್ರಗಳು ಇನ್ನೂ ಸಜ್ಜಾಗಿರಲಿಲ್ಲ. 1976ರಲ್ಲಿ ದೇಶದಲ್ಲಿ 64 ಲಕ್ಷಕ್ಕೂ ಅಧಿಕ ಪ್ರಕರಣಗಳು ವರದಿಯಾದವು. ಫ್ರೀಟೌನಿನಲ್ಲಿ ಒಂದು ಊರಿಗೆ ಸಂಭವಿಸಿದ್ದು ಇಲ್ಲಿ ಒಂದು ದೇಶಕ್ಕೆ ಸಂಭವಿಸಿತು. 1977ರಲ್ಲಿ ಪರಿಷ್ಕೃತ ಕಾರ್ಯಯೋಜನೆ ಜಾರಿಗೊಂಡು ಪ್ರಾಥಮಿಕ ಆರೋಗ್ಯ ಕೇಂದ್ರ ಮಟ್ಟದ ರಕ್ತ ಪರೀಕ್ಷೆಗೆ ಆದ್ಯತೆ ದೊರೆಯಿತು. 1990ರ ದಶಕದಲ್ಲಿ ಮಂಗಳೂರು ನಗರದಲ್ಲಿ ಮಲೇರಿಯಾ ಹೆಚ್ಚಾದಾಗ, ಕಟ್ಟಡ ನಿರ್ಮಾಣ ಸ್ಥಳಗಳಲ್ಲಿ ನಿಂತ ನೀರು ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು.

ಜ್ವರದ ಲೆಕ್ಕವಿಡುವ ಸಿಬ್ಬಂದಿಯ ಅಗತ್ಯವು ಮಲೇರಿಯಾ ಒಂದಕ್ಕೇ ಸೀಮಿತವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವು ಹಾಗೂ ಹಳ್ಳಿಗರ ಜ್ವರದ ಮೂಲಕ ಬೆಳಕಿಗೆ ಬಂದ ಮಂಗನ ಕಾಯಿಲೆಯು ಅಲ್ಲಿಯವರೆಗೆ ವೈದ್ಯಲೋಕಕ್ಕೆ ಅಪರಿಚಿತವಾಗಿತ್ತು. ಉಣ್ಣೆಯಿಂದ ಹರಡುವ ಈ ರೋಗದ ವಿಷಯದಲ್ಲಿಯೂ, ಡೆಂಗೀ ಮತ್ತು ಚಿಕುನ್‌ಗುನ್ಯ ರೋಗಗಳ ವಿಷಯದಲ್ಲಿಯೂ ಮೊದಲ ಸುಳಿವು ದೊರೆಯಬೇಕಾದುದು ಹಳ್ಳಿಯ ಆರೋಗ್ಯ ಕಾರ್ಯಕರ್ತರ ಜ್ವರ ಸಮೀಕ್ಷೆಯಿಂದಲೇ.

ಸಾರ್ವಜನಿಕರ ಮಾಹಿತಿಗೆ: ಜ್ವರ ಬಂದವರು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾ ರಕ್ತ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಮನೆಗೆ ಭೇಟಿ ನೀಡುವ ಆರೋಗ್ಯ ಕಾರ್ಯಕರ್ತರು ಬೆರಳಿನ ತುದಿಯಿಂದ ರಕ್ತ ಲೇಪನ ಪಡೆಯಲು ಹಾಗೂ ನೀರಿನ ತೊಟ್ಟಿ, ಡ್ರಮ್ಮು, ಹೂಕುಂಡಗಳಲ್ಲಿ ಸೊಳ್ಳೆಮರಿಗಳನ್ನು ಪರಿಶೀಲಿಸಲು ಸಹಕರಿಸಬೇಕು. ಮಲೇರಿಯಾ ದೃಢಪಟ್ಟಲ್ಲಿ ಚಿಕಿತ್ಸೆಯೂ ಉಚಿತ. ವೈವ್ಯಾಕ್ಸ್ ಬಗೆಯ ಮಲೇರಿಯಾದಲ್ಲಿ ಪರೋಪಜೀವಿಯು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಜ್ವರವನ್ನು ಮರುಕಳಿಸಬಲ್ಲದಾದ್ದರಿಂದ, ಜ್ವರ ಬಿಟ್ಟ ಮೇಲೂ ವೈದ್ಯರು ಸೂಚಿಸಿದ 14 ದಿನಗಳ ಮಾತ್ರೆಗಳನ್ನು ಪೂರ್ಣವಾಗಿ ಸೇವಿಸಬೇಕು.